ಕೆಂಪಿಯ ಬಗ್ಗೆ ಅವರು ಹೇಳಿದ್ದು

"ಇನ್ನೊಂಚೂರು ಬಿಗಿಯಾಗಿ ಎಳೀರಿ ಅತ್ತಿಗೆ, ಅಣ್ಣನ ತಲೆ ವಾಲ್ತಾ ಐತೆ," ಎಂದಳು ದ್ರಾಕ್ಷಾಯಣಿ.

ಜಗದಾಂಬ ಹಳೆಯ ಪಂಚೆಯಿಂದ ಹರಿದ ಪಟ್ಟಿಯನ್ನು ಗಂಡನ ಹಣೆಗೆ ಸುತ್ತಿ, ಜಗಲಿಯ ಕಂಬದ ಹಿಂದಕ್ಕೆ ಎರಡೂ ಕೈ ಚಾಚಿ ಗಂಟು ಹಾಕುತ್ತಿದ್ದಳು. ಗಂಡಸರು ಆಗಲೇ ಒಮ್ಮೆ ಕಟ್ಟಿ ನೋಡಿದ್ದರು, ಗಂಟು ನಿಂತಿರಲಿಲ್ಲ. ಕೂರಿಸಿಯೇ ಮಣ್ಣು ಮಾಡುವ ಮನೆತನ. ಹೋದವರು ಅಂಗೈಯಲ್ಲಿ ಲಿಂಗ ಹಿಡಿದು, ಬಂದವರ ಮುಖ ನೋಡುವ ಹಾಗೆ ನೆಟ್ಟಗೆ ಕೂತಿರಬೇಕು. ವೀರಭದ್ರಯ್ಯ ಬದುಕಿದ್ದಾಗ ಹೀಗೆ ನೆಟ್ಟಗೆ ಕೂತದ್ದನ್ನು ಅವಳು ಕಂಡವಳೇ ಅಲ್ಲ. ಕುದುರೆಗಳ ಕಾಲು ಗೊರಸು ನೋಡಿ ನೋಡಿ ಅವನ ಬೆನ್ನು ಎಂದೋ ಬಾಗಿಹೋಗಿತ್ತು.

ಗಂಟು ಬಿಗಿಯುವಷ್ಟರಲ್ಲಿ ಗೇಟಿನ ಹತ್ತಿರ ಲಾರಿ ಬಂದು ನಿಂತಿತು. ಹೆಣ ಕೂರಿಸಿ ಹೊರುವ ವಿಮಾನ ಕಟ್ಟಲು ಬಾಳೆಕಂದು ಬಂತೆಂದು ಎಲ್ಲರೂ ತಿರುಗಿ ನೋಡಿದರು. ಇಳಿದದ್ದು ಕೆಂಚಯ್ಯ. ಮದುವೆ ಮೆರವಣಿಗೆಗಳಿಗೆ ಕುದುರೆ ಬಾಡಿಗೆಗೆ ಕೊಡುವ ಆಸಾಮಿ. ಲಾರಿಯ ಹಿಂದೆಯೇ ಹೆಗ್ಗದ್ದೆ ಕಡೆಯ ಪ್ಲಾಂಟರ್ ರೇವಂತನ ಜೀಪು. ಈ ಬೆಳಿಗ್ಗೆ ಬನ್ನಿ ಎಂದು ಇಬ್ಬರಿಗೂ ವೀರಭದ್ರಯ್ಯನೇ ಹೇಳಿದ್ದ. ಹೇಳಿದವನು ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ಬಂದು, ಜಗಲಿಯಲ್ಲಿ ಕೂತು ಕಾಫಿ ಕೇಳಿ, ಕಾಫಿ ಬರುವ ಮೊದಲೇ ಹೊರಟುಬಿಟ್ಟಿದ್ದ.

ಜಗದಾಂಬ ತಟ್ಟನೆ ಕೊಟ್ಟಿಗೆಯ ಕಡೆ ತಿರುಗಿದಳು. ಈ ಗೋಳಾಟದಲ್ಲಿ ಅಲ್ಲಿದ್ದ ರೇವಂತನ ಹೆಣ್ಣುಕುದುರೆ ಅವಳಿಗೆ ಮರೆತೇ ಹೋಗಿತ್ತು.

*

ಕುಂದೂರು ಹೋಬಳಿಯಲ್ಲಿ ವೀರಭದ್ರಯ್ಯನಿಗೆ ಇದ್ದದ್ದು ಒಂದಿಷ್ಟು ಕಾಫಿ, ಒಂದು ತುಂಡು ಗದ್ದೆ, ಮತ್ತು ಕುದುರೆಯ ಹುಚ್ಚು. ಹರೆಯದಲ್ಲಿ ಕುದುರೆ ಫಾರಂ ಒಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಕೆಲಸ ಬಿಟ್ಟು ಬಂದಮೇಲೂ ಹುಚ್ಚು ಮಾತ್ರ ಬಿಡಲಿಲ್ಲ. ರೇಸಿನಲ್ಲಿ ಸೋತ ಹೆಣ್ಣುಕುದುರೆಯನ್ನು ತಳಿಗೆ ಇಟ್ಟುಕೊಳ್ಳಬೇಕೋ ಕೈಬಿಡಬೇಕೋ ಎಂದು ತಲೆ ಕೆರೆದುಕೊಳ್ಳುವ ಎಸ್ಟೇಟಿನವರು ಅದನ್ನು ಅವನ ಹತ್ತಿರ ತರುತ್ತಿದ್ದರು. ಅವನು ಒಂದು ರಾತ್ರಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ಬೆಳಿಗ್ಗೆ ಹೇಳುತ್ತಿದ್ದ. ಹೇಳುವುದೇನು ಬಂತು! ಬೇಡವಾದರೆ "ಕಳಿಸ್ಬುಡಿ" ಎಂಬ ಒಂದು ಮಾತು. ಬೇಕಾದರೆ ಅದೂ ಇಲ್ಲ, ದೇವರ ಮುಂದೆ ನಿಂತವನ ಹಾಗೆ ಒಮ್ಮೆ ಮುಂದಕ್ಕೆ ಬಾಗುತ್ತಿದ್ದ, ಅಷ್ಟೆ.

ಅವನ ಅಂದಾಜು ತಪ್ಪಿದ್ದೂ ಉಂಟು. ಬಾಗಿ ಒಪ್ಪಿದ ಕುದುರೆ ಒಂದು ಮರಿಯನ್ನೂ ಹಾಕದೆ ಮುದಿಯಾಗಿತ್ತು. ಕಳಿಸಿಬಿಡಿ ಎಂದದ್ದು ಇನ್ನೊಬ್ಬರ ಲಾಯದಲ್ಲಿ ಸಾಲಾಗಿ ಮರಿ ಹಾಕಿ ಅವನ ಮಾನ ಕಳೆದಿತ್ತು. ಆದರೆ ಗೊತ್ತಿದ್ದೂ ಸುಳ್ಳು ಹೇಳಿದ ಎಂದು ಮಾತ್ರ ಯಾರೂ ಬೆರಳು ತೋರಿಸಿರಲಿಲ್ಲ. ಜೀವಮಾನದಲ್ಲಿ ಅವನು ಗಳಿಸಿದ ಆಸ್ತಿ ಅದೊಂದೇ.

ರೇವಂತನ ಕುದುರೆಗೆ ಕಾಗದದಲ್ಲಿ ನಾಲಿಗೆ ಹೊರಳದಂಥ ಇಂಗ್ಲಿಷ್ ಹೆಸರಿತ್ತು. ಮೈಬಣ್ಣ ನೋಡಿ ಜಗದಾಂಬ ಕೆಂಪಿ ಎಂದು ಕರೆದಳು. ಇನ್ನೂ ಎಳೆಯದು. ಮೈಸೂರಿನಲ್ಲಿ ಓಡಿದಷ್ಟು ಸಲವೂ ಹಿಂದೆ ಉಳಿದು ಮನೆಗೆ ಬಂದಿತ್ತು.

ಹಿಂದಿನ ದಿನ ಮುಸ್ಸಂಜೆಗೆ ಊಟಕ್ಕೆ ಕೂತಾಗ ವೀರಭದ್ರಯ್ಯ ಕೇಳದೆಯೇ ಮಾತು ತೆಗೆದಿದ್ದ.

"ಓಟ ಸೋತಿದ್ದು ಲೆಕ್ಕಕ್ಕಿಲ್ಲ. ಕಾಲು ಚಂದಾಗವೆ, ಅದ್ರವ್ವಾನೂ ಒಳ್ಳೇ ಕುದ್ರೆ. ಆದ್ರೆ ವಯಸ್ಸಿಗೆ ಬಂದು ಇಷ್ಟು ದಿನ ಆದ್ರೂ ಒಂದ್ಸಲಾನೂ ಬೆದೆಗೆ ಬಂದಿಲ್ಲ. ಡಾಕ್ಟ್ರು ಸ್ಕ್ಯಾನ್ ಮಾಡಿ, ಗರ್ಭಕೋಶ ಸರಿಯಾಗಿ ಬೆಳ್ದಿಲ್ಲ, ಕಾದು ನೋಡಿ ಅಂದವ್ರಂತೆ. ಕಾಯೋದೇನು? ಇದು ಹೆರೋ ಜೀವ ಅಲ್ಲ ಕಣೆ. ಬೆಳಿಗ್ಗೆ ಕಳಿಸ್ಬುಡಿ ಅಂತೀನಿ. ಹೆರದೇ ಇರೋದನ್ನ ಕಟ್ಕೊಂಡು ಯಾರೇನ್ ಮಾಡ್ತಾರೆ?"

ಆ ಮಾತನ್ನು ಯಾರ ಮುಂದೆ ಆಡಿದೆನೆಂದು ಆಮೇಲೆ ಹೊಳೆದಿರಬೇಕು. ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. "ಒಸಿ ಮಜ್ಜಿಗೆ ಹಾಕು" ಎಂದ. ಮಜ್ಜಿಗೆ ಆಗಲೇ ತಟ್ಟೆಯ ಪಕ್ಕದಲ್ಲಿತ್ತು. ಜಗದಾಂಬ ಎದ್ದುಹೋಗಿ, ಬೇಯಿಸಿಟ್ಟಿದ್ದ ಹುರುಳಿಯನ್ನು ಕೆಂಪಿಗೆ ಹಾಕಿ, ಅದು ಮೇದು ಮುಗಿಸುವ ತನಕ ಅಲ್ಲೇ ನಿಂತಿದ್ದಳು. ಬೆಳಿಗ್ಗೆ ಕಾಫಿ ಕೇಳಿದಾಗಲೂ ಅವನು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

*

ರೇವಂತ ಚಪ್ಪಲಿ ಕಳಚಿ ಬಂದು ಹೆಣಕ್ಕೆ ಕೈಮುಗಿದ. ಆಮೇಲೂ ಹೋಗದೆ ಜಗದಾಂಬಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ಈ ಹೊತ್ನಲ್ಲಿ ಕೇಳ್ಬಾರ್ದು. ಆದ್ರೂ... ನಮ್ಮ ಕುದ್ರೆ ವಿಷಯ ಅಯ್ಯನೋರು ನಿಮ್ಮತ್ರ ಏನಾದ್ರೂ ಅಂದಿದ್ರಾ?"

ಜಗದಾಂಬ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವ್ರು ಒಪ್ಪಿದ್ದಾರೆ ಅಂದ್ರೆ ಎಷ್ಟು ದಿನ ಆದ್ರೂ ಇಟ್ಕೋತೀನಿ. ಮನೇಲೂ ಬಾಯಿ ಮುಚ್ಕೋತಾರೆ. ಇಲ್ಲ ಅಂದ್ರೆ ಕೆಂಚಯ್ಯನಿಗೆ ಕೊಡ್ತೀನಿ ಅಂತ ಮಾತಾಗೈತೆ. ನನಗೇನೂ ಇಷ್ಟ ಅಲ್ಲ ಅಮ್ಮ."

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು. ನಿಜ ಹೇಳಿದರೆ ಕೆಂಪಿ ಈಗಲೇ ಲಾರಿ ಹತ್ತಬೇಕು. ಸುಳ್ಳು ಹೇಳಿದರೆ ಗಂಡನ ಒಂದೇ ಒಂದು ಆಸ್ತಿಯನ್ನು ಅವನು ಮಣ್ಣು ಸೇರುವ ಮೊದಲೇ ಕೈಯಾರೆ ಕಳೆದ ಹಾಗೆ.

"ಕ್ರಿಯೆ ಆಗ್ಲಿ ಕಣಪ್ಪ," ಎಂದಳು.

ಕೆಂಚಯ್ಯನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಕೆಟ್ಟವನೇನಲ್ಲ, ಅವಸರದವನು. "ಕ್ರಿಯೆ ಆಗೋ ಹೊತ್ಗೆ ಸಂಜೆ ಆಯ್ತದೆ ಅವ್ವ. ಆನೆ ಗುಂಪು ಈ ಕಡೆಗೇ ತಿರುಗೈತೆ ಅಂತ ಫಾರೆಸ್ಟ್ನೋರ ಮೆಸೇಜ್ ಬಂದೈತೆ ನೋಡಿ. ಕತ್ಲಾದ್ಮೇಲೆ ಲಾರೀಲಿ ಕುದ್ರೆ ಇಟ್ಕಂಡು ನಾನ್ ಎಲ್ಲಿ ಹೋಗ್ಲಿ? ನಾಳೆ ಬೇಲೂರ್ ಕಡೆ ಮೆರವಣ್ಗೆ ಒಪ್ಕಂಡಿದೀನಿ."

ಅಷ್ಟರಲ್ಲಿ ಅಂಗಳದಲ್ಲಿ ತಮಟೆ ಶುರುವಾಯಿತು. ಮೊದಲ ಏಟಿಗೇ ಕೊಟ್ಟಿಗೆಯೊಳಗೆ ಗೊರಸು ಹಲಗೆಗೆ ಬಡಿದ ಸದ್ದು. ಜಗದಾಂಬ ಎದ್ದು ಓಡಿದಳು. ಕೆಂಪಿ ಹಗ್ಗ ಜಗ್ಗುತ್ತ ಮೂಲೆಗೆ ಒತ್ತಿಕೊಂಡಿತ್ತು. ಮೈಯೆಲ್ಲ ಬೆವರು, ಕಣ್ಣಿನ ಬಿಳಿ ಕಾಣುತ್ತಿತ್ತು, ಕುತ್ತಿಗೆಯ ಚರ್ಮ ಅದುರುತ್ತಿತ್ತು. ಕೆಂಚಯ್ಯ ಅವಳ ಹಿಂದೆಯೇ ಬಂದು, ಮದುವೆಗೆ ಜವಳಿ ಆರಿಸುವವನ ಹಾಗೆ ತಲೆ ಓರೆ ಮಾಡಿ ನೋಡಿದ.

"ಹೆದ್ರಿಕೆ ಜಾಸ್ತಿ ಐತೆ. ಪರ್ವಾಗಿಲ್ಲ, ಪಳಗ್ತದೆ."

"ಹೆಂಗ್ ಪಳಗಿಸ್ತೀಯಪ್ಪ?"

"ಕಾಲು ಬಿಗಿದು ಕಟ್ಟಿ, ನಾಕ್ ದಿನ ಮುಂದೆ ಬ್ಯಾಂಡ್ ಬಾರಿಸ್ಬುಟ್ರೆ ಸರಿ ಅವ್ವ. ಆಮೇಲೆ ಪಟಾಕಿ ಹೊಡುದ್ರೂ ಮಿಸುಕಾಡಲ್ಲ. ಎಲ್ಲಾವೂ ಹಂಗೇ ಕಲ್ತಿರೋದು."

ಜಗದಾಂಬ ಕೆಂಪಿಯ ಕುತ್ತಿಗೆಗೆ ಅಂಗೈ ಒತ್ತಿದಳು. ತಮಟೆಯ ಪ್ರತಿಯೊಂದು ಏಟೂ ಆ ಚರ್ಮದಿಂದ ಅವಳ ಅಂಗೈಗೆ ಬಡಿಯುತ್ತಿತ್ತು. ಗಂಡ ಸತ್ತ ದುಃಖಕ್ಕಿಂತ ಈ ಹೆದರಿಕೆಯೇ ದೊಡ್ಡದಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

*

ಮತ್ತೆ ಜಗಲಿಗೆ ಬಂದಾಗ ದ್ರಾಕ್ಷಾಯಣಿ ಬಂದ ಹೆಂಗಸರ ಮುಂದೆ ಅಣ್ಣನ ಗುಣಗಾನ ಮಾಡುತ್ತಿದ್ದಳು.

"ನಮ್ಮಣ್ಣನ ಬಾಯಲ್ಲಿ ಒಂದು ಸುಳ್ಳು ಬಂದಿದ್ದಿಲ್ಲ ಕಣ್ರಮ್ಮ. ಯಾವ ಗಂಡ್ಸು ಹೇಳ್ಕೋತಾನೆ ಹೇಳಿ, ಮಕ್ಕಳಾಗ್ದಿರೋದು ನನ್ನ ದೋಷದಿಂದ ಅಂತ? ಅವ್ನು ನಾಕ್ ಜನದ ಮುಂದೆ ಹೇಳ್ದ. ಪಾಪ, ನಮ್ಮತ್ತಿಗೆ! ಇವ್ನನ್ನ ಕಟ್ಕೊಂಡ ತಪ್ಪಿಗೆ ಮಡಿಲು ಬರಿದಾಗೇ ಉಳಿದೋಯ್ತು."

ಹೆಂಗಸರೆಲ್ಲ ಜಗದಾಂಬಳ ಕಡೆಗೆ ಮರುಕದಿಂದ ನೋಡಿದರು. ಅವಳು ತಲೆ ತಗ್ಗಿಸಿದಳು.

*

ಆಗ ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದರು. ಮದುವೆಯಾಗಿ ವರ್ಷಗಳು ಉರುಳಿದರೂ ತೊಟ್ಟಿಲು ಕಟ್ಟಲಿಲ್ಲವೆಂದು, ದ್ರಾಕ್ಷಾಯಣಿಯ ಗಂಡನ ತಂಗಿಯನ್ನೇ ವೀರಭದ್ರಯ್ಯನಿಗೆ ತಂದುಕೊಳ್ಳುವ ಮಾತು ಮುಗಿಸಿದ್ದರು. ಅದಕ್ಕೂ ಮುಂಚೆ ಒಂದು ಸಲ ತೋರಿಸಿಕೊಂಡು ಬರುತ್ತೇವೆಂದು ಗಂಡಹೆಂಡಿರು ಹಾಸನಕ್ಕೆ ಹೋದರು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಗಂಡನಲ್ಲಿ ಕೊರತೆಯಿಲ್ಲ. ಇವಳಿಗೆ ಗರ್ಭಕೋಶ ಬೆಳೆದಿಲ್ಲ, ಇನ್ನು ಬೆಳೆಯುವುದೂ ಇಲ್ಲ.

ಬಸ್ಸಿನಲ್ಲಿ ಬರುವಾಗ ವೀರಭದ್ರಯ್ಯ ತುಟಿ ಎರಡು ಮಾಡಲಿಲ್ಲ. ಕುದುರೆಯ ಬಗ್ಗೆ ಅವನು ಹೇಗೆ ಮಾತಾಡುತ್ತಾನೆಂಬುದು ಜಗದಾಂಬಳಿಗೆ ಗೊತ್ತಿತ್ತು. ತವರಿಗೆ ಹೋಗಲು ಯಾವ ಸೀರೆ ತೆಗೆದುಕೊಳ್ಳಲಿ ಎಂದು ಯೋಚಿಸುತ್ತ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು.

ಇದೇ ಜಗಲಿಯಲ್ಲಿ ಅತ್ತೆ, ದ್ರಾಕ್ಷಾಯಣಿ, ಬೀಗರು, ಊರಿನ ಹಿರಿಯರು ಕಾದಿದ್ದರು. ವೀರಭದ್ರಯ್ಯ ಕಾಲು ತೊಳೆದು ಬಂದು, ಇದೇ ಕಂಬಕ್ಕೆ ಒರಗಿ ನಿಂತು, "ದೋಷ ನಂದಂತೆ ಅವ್ವ. ಇನ್ನೊಂದು ಹೆಣ್ಣು ತಂದು ಅದ್ರ ಬಾಳು ಯಾಕೆ ಹಾಳ್ಮಾಡೋದು?" ಎಂದ.

ಊರು ಸುಮ್ಮನಿರುತ್ತದೆಯೇ? ಊರ ಕುದುರೆಗಳ ಬಸಿರು ಲೆಕ್ಕ ಹಾಕುವವನ ಮನೆಯಲ್ಲೇ ಹೀಗಾಯಿತಲ್ಲ ಎಂದು ಎದುರಿಗೇ ನಕ್ಕರು. ಅವನು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ಹೆಂಡತಿಯ ಮುಂದೆಯೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಲು ಇನ್ನೂ ಹೊತ್ತಿದೆ ಅಂದುಕೊಂಡೇ ಅವಳ ತಲೆ ನರೆತಿತ್ತು.

*

ಬಿಸಿಲು ಇಳಿಯತೊಡಗಿತು. ಬಾಳೆಕಂದು, ಚೆಂಡುಹೂ ಕಟ್ಟಿದ ವಿಮಾನ ಅಂಗಳದಲ್ಲಿ ಸಿದ್ಧವಾಯಿತು. ಹಿತ್ತಿಲಿನಲ್ಲಿ ಗುಣಿ ತೆಗೆದವರು ಕೈ ತೊಳೆದು ಬಂದರು. ದ್ರಾಕ್ಷಾಯಣಿಯ ಮಗ ಚಂದನ್ ಮಗನ ಸ್ಥಾನದಲ್ಲಿ ನಿಂತಿದ್ದ. ಕ್ರಿಯೆ ಮಾಡಿಸಲು ಬಂದಿದ್ದ ಸಿದ್ದಯ್ಯನವರು ಹೆಣದ ಹಣೆಗೆ, ಪಟ್ಟಿಯ ಕೆಳಗೆ, ಮತ್ತೊಮ್ಮೆ ದಪ್ಪನಾಗಿ ವಿಭೂತಿ ಎಳೆದು, ಕೈ ಎತ್ತಿ ತಮಟೆ ನಿಲ್ಲಿಸಿದರು.

"ಎತ್ತೋಕ್ ಮುಂಚೆ ಕೇಳ್ತೀನಿ. ಹೋಗೋರು ಯಾರಿಗಾದ್ರೂ ಮಾತು ಕೊಡೋದು ಉಳಿಸ್ಕೊಂಡಿದ್ರೆ ಈಗ್ಲೇ ಹೇಳ್ಬುಡಿ. ಮಣ್ಣಿಗೆ ಅದನ್ನ ಹೊತ್ಕೊಂಡು ಹೋಗ್ಬಾರ್ದು."

ಎಲ್ಲರಿಗಿಂತ ಮೊದಲು ಕೆಂಚಯ್ಯ ಮುಂದೆ ಬಂದ. "ಉಳಿದೈತೆ ಬುದ್ಧಿ. ಈ ಕುದ್ರೆ ಮಾತು ಹೇಳ್ತೀನಿ ಅಂದಿದ್ರು."

ರೇವಂತ ಅವನ ತೋಳು ಜಗ್ಗಿದ, ಆದರೆ ಅವನ ಕಣ್ಣೂ ಜಗದಾಂಬಳ ಮೇಲೆಯೇ ಇತ್ತು. ಇಡೀ ಅಂಗಳ ಅವಳ ಕಡೆ ತಿರುಗಿತು.

"ಲಿಂಗ ಹಿಡಿದು ಕೂತೋರ ಮುಂದೆ ಆಡೋ ಮಾತು ತಾಯಿ," ಎಂದರು ಸಿದ್ದಯ್ಯನವರು ಮೆಲ್ಲಗೆ. "ನಿಧಾನವಾಗಿ ನೆನೆಸ್ಕೊಂಡು ಹೇಳಿ."

ಜಗದಾಂಬ ಗಂಡನ ಮುಖ ನೋಡಿದಳು. ಕೊಟ್ಟಿಗೆಯಿಂದ ಹಲಗೆಗೆ ಗೊರಸು ತಾಗಿದ ಸದ್ದು ಒಂದು ಸಲ ಕೇಳಿ ನಿಂತಿತು.

"ಒಪ್ಪಿದ್ರು," ಎಂದಳು. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ. "ಇಟ್ಕೊಳ್ಳಿ ಅಂದ್ರು. ಆತುರ ಮಾಡ್ಬ್ಯಾಡಿ, ಸುಮ್ನೆ ಮೇಯೋಕೆ ಬಿಡಿ ಅಂದ್ರು. ಮರಿ ಹಾಕಿದ್ರೆ ಹಾಕ್ತದೆ. ಹಾಕ್ದೆ ಹೋದ್ರೂ..." ಕೊಟ್ಟಿಗೆಯ ಕಡೆ ನೋಡಿದಳು. "ಹಾಕ್ದೆ ಹೋದ್ರೂ ಮನೆ ಬಿಟ್ಟು ಕಳಿಸ್ಬ್ಯಾಡಿ ಅಂದ್ರು."

ಕೆಂಚಯ್ಯ ಕಣ್ಣು ಕಿರಿದು ಮಾಡಿದ.

"ಅಯ್ಯ ಇಷ್ಟೆಲ್ಲ ಮಾತಾಡಿದ್ರಾ ಅವ್ವ? ಕುದ್ರೆ ಒಪ್ಪಿದ್ರೆ ಅವ್ರು ಬಾಯೇ ಬಿಡ್ತಿರ್ಲಿಲ್ವಲ್ಲ. ಬಾಗ್ತಿದ್ರು, ಅಷ್ಟೆ. ಊರಿಗೇ ಗೊತ್ತು."

ಸಿಕ್ಕಿಬಿದ್ದೆ ಅಂದುಕೊಂಡಳು ಜಗದಾಂಬ.

"ಹೊತ್ತಾಯ್ತು, ಪಟ್ಟಿ ಬಿಚ್ಚಿ," ಎಂದರು ಸಿದ್ದಯ್ಯನವರು.

ಚಂದನ್ ಕೈ ಹಾಕಲು ಬಂದ. ಜಗದಾಂಬ ಅವನನ್ನು ತಡೆದು, ಗಂಡನ ಎದುರು ಮಂಡಿಯೂರಿ ಕೂತು, ಎರಡೂ ಕೈಗಳನ್ನು ಅವನ ಕಿವಿಗಳ ಪಕ್ಕದಿಂದ ಕಂಬದ ಹಿಂದಕ್ಕೆ ಚಾಚಿದಳು. ಬೆಳಿಗ್ಗೆ ತಾನೇ ಹಾಕಿದ ಗಂಟು, ಸುಲಭಕ್ಕೆ ಬಗ್ಗಲಿಲ್ಲ. ಉಗುರು ಹಾಕಿ ಎಳೆದಳು. ಪಟ್ಟಿ ಸಡಿಲಿದ್ದೇ ತಡ, ಮರಗಟ್ಟಿದ ಮೈ ಇಡಿಯಾಗಿ ಮುಂದಕ್ಕೆ ಬಾಗಿತು. ಹಣೆ ಅವಳ ಹೆಗಲ ಮೇಲೆ ಬಂದು ನಿಂತಿತು.

ಕೆಂಚಯ್ಯ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದ.

"ತಪ್ಪಾಯ್ತು ಅಯ್ಯ," ಎಂದ.

ಜಗದಾಂಬ ಅಲುಗಾಡಲಿಲ್ಲ. ನಾಲ್ಕು ಜನರೆದುರು ಅವಳ ಕೈಯನ್ನೂ ಹಿಡಿಯದಿದ್ದ ಮನುಷ್ಯ. ಅವನ ಭಾರ ತನ್ನ ಮೈಗೆ ಇಳಿಯುವ ತನಕ ಹಾಗೇ ಇದ್ದು, ಆಮೇಲೆ ಎರಡೂ ಭುಜ ಹಿಡಿದು ನೆಟ್ಟಗೆ ಮಾಡಿ ಚಂದನ್‌ನ ಕೈಗೆ ಒಪ್ಪಿಸಿದಳು.

ವಿಮಾನ ಮೇಲೆದ್ದಿತು. ಗೇಟಿನಾಚೆ ಖಾಲಿ ಲಾರಿ ಹಿಂದೆ ಮುಂದೆ ಮಾಡಿ ತಿರುಗಿಕೊಳ್ಳುತ್ತಿತ್ತು. ರೇವಂತ ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ನಿಂತು, ತಮಟೆಯವರಿಗೆ ದೂರ ಹೋಗಿ ಎಂದು ಕೈಸನ್ನೆ ಮಾಡುತ್ತಿದ್ದ.

"ಅಯ್ಯೋ ಅತ್ತಿಗೆ, ಸೀರೆಗೆಲ್ಲ ಹತ್ಬುಟ್ಟೈತೆ ನೋಡಿ," ಎಂದಳು ದ್ರಾಕ್ಷಾಯಣಿ.

ಜಗದಾಂಬಳ ಹೆಗಲ ಮೇಲೆ ಗಂಡನ ಹಣೆಯ ವಿಭೂತಿ ಮೂರು ಬಿಳಿ ಗೆರೆಯಾಗಿ ಮೂಡಿತ್ತು. ಒರೆಸಲು ಬಂದ ನಾದಿನಿಯ ಕೈಯನ್ನು ಅವಳು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.