ಬಣ್ಣದ ಮಾವ ಮತ್ತು ಐದು ಬಣ್ಣ ಕಂಡ ವಿಮಾನ

ರಸ್ತೆಯಲ್ಲಿ ಅವರು ಓರೆಯಾಗಿ ನಡೆಯುತ್ತಿದ್ದರು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಭುಜವನ್ನು ಮುಂದೆ ಮಾಡಿ, ಅಂಗಡಿಸಾಲಿನ ಗೋಡೆಗಳಿಂದ ಗೇಣು ಅಂತರವನ್ನು ನಿಷ್ಠೆಯಿಂದ ಕಾಯ್ದುಕೊಂಡು ಸಾಗುವ ಆ ನಡಿಗೆಯನ್ನು ಅಪರಿಚಿತರು ಸಂಕೋಚವೆಂದೋ ಸೊಂಟನೋವೆಂದೋ ತಿಳಿಯುತ್ತಿದ್ದರು. ಇಪ್ಪತ್ತಾರು ವರ್ಷ ಹಸಿಬಣ್ಣದ ರೆಕ್ಕೆಗಳ ನಡುವೆ ನುಸುಳಿದ ದೇಹಕ್ಕೆ, ಲೋಕವೆಲ್ಲ ಇನ್ನೂ ಒಣಗಿಲ್ಲವೆಂಬ ಶಂಕೆ ಅಂಟಿಬಿಟ್ಟಿತ್ತು. “ಗೋಡೆ ಒಣಗಿ ಹತ್ತು ವರ್ಷ ಆಯ್ತು ಕಣ್ರೀ, ನೆಟ್ಟಗೆ ಬನ್ನಿ,” ಎಂದು ಹೆಂಡತಿ ಬಾಗಿಲಲ್ಲೇ ಗದರುತ್ತಿದ್ದರು.

ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನಲ್ಲಿ ಅವರು ಎಲ್ಲರಿಗೂ ಬಣ್ಣದ ಮಾವ. ಪರೀಕ್ಷೆಗೆಂದೇ ಕಟ್ಟಿದ ಒಂದು ಯುದ್ಧವಿಮಾನಕ್ಕೆ ಬಣ್ಣ ಬಳಿಯುವುದು, ಬಳಿದದ್ದನ್ನು ಕೆರೆಯುವುದು, ಮತ್ತೆ ಬಳಿಯುವುದು ಅವರ ಕಾಯಕ. ಮೊದಲ ಹಾರಾಟಕ್ಕೆ ಬಿಳಿಯ ಮೈ, ಕೆಂಪು ಪಟ್ಟೆ. ಆಮೇಲೆ ಮುಗಿಲಿನಲ್ಲಿ ಕಾಣದಿರಲೆಂದು ಬೂದು. ಅದು ಎಷ್ಟು ಸೊಗಸಾಗಿ ಮರೆಯಾಯಿತೆಂದರೆ, ಇನ್ನೊಂದು ವಿಮಾನದಲ್ಲಿ ಬೆನ್ನಟ್ಟಿ ಚಿತ್ರ ತೆಗೆಯಲು ಹೋದವರು ಬರಿಯ ಮೋಡಗಳನ್ನು ಸೆರೆಹಿಡಿದು ತಂದರು. ಬಣ್ಣ ಆರಿಸಿದ್ದು ಸಮಿತಿ, ಬೈಗುಳ ಬಿದ್ದದ್ದು ಮಾವನಿಗೆ. “ಕಾಣಬಾರದು ಅಂದ್ರಿ, ಕಾಣಲಿಲ್ಲ. ನನ್ನ ತಪ್ಪೇನು ಸ್ವಾಮಿ?” ಮೂರನೆಯ ಸಲ, ಗಿರಗಿರನೆ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಎದ್ದು ಕಾಣಲೆಂದು ಕಿತ್ತಳೆ ರೆಕ್ಕೆ, ಮೂತಿಗೆ ಕಪ್ಪುಬಿಳುಪು ಚೌಕ. ನಾಲ್ಕನೆಯದು ಮರಳಿನ ಬಣ್ಣ. ಮರುಭೂಮಿಯ ದೇಶದಿಂದ ಕೊಳ್ಳಲು ಬಂದವರು ಮೆಚ್ಚಿದರು, ಕೊಳ್ಳಲಿಲ್ಲ.

ಐದನೆಯದು ಗಣ್ಯರೆದುರಿನ ಪ್ರದರ್ಶನಕ್ಕೆಂದು ಮುಖ್ಯ ಎಂಜಿನಿಯರರೇ ಆರಿಸಿದ ಅಚ್ಚನೀಲಿ. ಮಾವನ ಹಟ ಊರಿಗೆಲ್ಲ ಗೊತ್ತಾದದ್ದು ಆಗಲೇ.

ವಿಮಾನದ ಮೈಮೇಲೆ ಗಾಳಿಯ ಒತ್ತಡವನ್ನು ಅಳೆಯುವ ಸಣ್ಣ ರಂಧ್ರಗಳಿರುತ್ತವೆ. ಬಣ್ಣ ಒಳಗಿಳಿಯದಂತೆ ಅವುಗಳನ್ನೂ ಇತರ ಸೂಕ್ಷ್ಮ ಜಾಗಗಳನ್ನೂ ಮಾವ ಅಂಟುಪಟ್ಟಿಯ ತುಂಡುಗಳಿಂದ ಮುಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದೊಂದನ್ನೂ ಕಿತ್ತು ಒಂದು ಹಲಗೆಗೆ ಅಂಟಿಸಿ ಎಣಿಸುತ್ತಿದ್ದರು. ಹಚ್ಚಿದ್ದು ನಲವತ್ತೆರಡು. ಪ್ರದರ್ಶನದ ದಿನ ಬೆಳಿಗ್ಗೆ ಹಲಗೆಯ ಮೇಲಿದ್ದುದು ನಲವತ್ತೊಂದು.

ಹೊರಗೆ ಗಣ್ಯರು ಕುರ್ಚಿ ತುಂಬಿದ್ದರು. ಮಾವ ಓರೆಯಾಗಿ ಹೋಗಿ ವಿಮಾನದ ಮುಂದಿನ ಚಕ್ರದ ಎದುರು ನಿಂತರು.

“ರಂಧ್ರ ಎಲ್ಲಾ ತೆರೆದೇ ಇದೆಯಲ್ರೀ, ನಾನೇ ಸುತ್ತಾ ತಡವಿ ನೋಡಿದ್ದೀನಿ!” ಎಂದರು ಮುಖ್ಯ ಎಂಜಿನಿಯರು.

“ತೆರೆದಿದೆ ಸಾರ್. ಆದ್ರೆ ಮುಚ್ಚಿದ್ದು ಎಲ್ಲಿಗೆ ಹೋಯ್ತು? ಎಂಜಿನ್ ಬಾಯೊಳಗೆ ಹೋಗಿದ್ರೆ?”

“ಒಂದು ಬೆರಳಗಲದ ಪಟ್ಟಿಗೋಸ್ಕರ ಅಷ್ಟು ಜನರನ್ನ ಕಾಯಿಸೋದಾ? ನಾಳೆಯಿಂದ ನೀವು ಮನೇಲೇ ಗೋಡೆಗೆ ಸುಣ್ಣ ಬಳಿಯಬೇಕಾಗುತ್ತೆ, ನೆನಪಿರಲಿ!”

ಮಾವನ ಕಾಲು ಕದಲಲಿಲ್ಲ. ಅಷ್ಟರಲ್ಲಿ ಮೇಲೆ ಕುಳಿತಿದ್ದ ಪೈಲಟ್ ಶಿರಸ್ತ್ರಾಣ ಕಳಚಿ ಏಣಿಯಿಳಿದು ಬಂದರು. “ಮಾವ ಬೇಡ ಅಂದ್ಮೇಲೆ ನಾನು ಹಾರಲ್ಲ. ಮೊದ್ಲು ಹುಡುಕಿ.”

ಟಾರ್ಚು ಹಿಡಿದು ಎಂಜಿನಿನ ಬಾಯಿಯಿಂದ ಬಾಲದವರೆಗೆ ಶೋಧ ನಡೆಯಿತು. ಮುಕ್ಕಾಲು ಗಂಟೆ ಕಳೆದರೂ ಪಟ್ಟಿಯಿಲ್ಲ. ಮುಖ್ಯ ಎಂಜಿನಿಯರು ಗಣ್ಯರಿಗೆ ಸಮಜಾಯಿಷಿ ಹೇಳಲು ಬುಸುಗುಟ್ಟುತ್ತ ಬೆನ್ನು ತಿರುಗಿಸಿದರು. ಪೈಲಟ್ ಮೆಲ್ಲಗೆ ಕೆಮ್ಮಿದರು. “ಸಾರ್... ಸ್ವಲ್ಪ ನಿಲ್ಲಿ. ನಿಮ್ಮ ಹಿಂದ್ಗಡೆ...”

ವಿಮಾನವನ್ನು ಸುತ್ತಿ ತಡವುವಾಗ ಎಲ್ಲೋ ಒರಗಿದ್ದರ ಫಲ, ನಲವತ್ತೆರಡನೆಯ ತುಂಡು ಅವರ ಷರಾಯಿಯ ಹಿಂಭಾಗವನ್ನು ಅಲಂಕರಿಸಿತ್ತು. ಮಾವ ಯಾರಿಗೂ ಬಿಡದೆ ತಾವೇ ಬಗ್ಗಿ, ರೆಕ್ಕೆಯಂಚಿನಿಂದ ಕೀಳುವಷ್ಟೇ ಗೌರವದಿಂದ ಅದನ್ನು ಬಿಡಿಸಿ ಹಲಗೆಗೆ ಅಂಟಿಸಿದರು. “ಸರಿಯಾಯ್ತು ಸಾರ್. ಈಗ ಹಾರಿಸಿ.” ನಗು ತಡೆಯಲಾರದೆ ಮೆಕ್ಯಾನಿಕ್ಕುಗಳು ಚಕ್ರದ ಹಿಂದೆ ಅವಿತರು. ಸುಣ್ಣದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ವಿಮಾನ ಹಾರಿತು. ಅಚ್ಚನೀಲಿ ಆಕಾಶದಲ್ಲಿ ಅಚ್ಚನೀಲಿ ವಿಮಾನವನ್ನು ಹುಡುಕಿ ಹುಡುಕಿ ಗಣ್ಯರ ಕತ್ತು ಉಳುಕಿತು. ಮಾವನಂತೂ ತಲೆಯೆತ್ತಿ ನೋಡಲೇ ಇಲ್ಲ. ಅದು ನೆಲಕ್ಕಿಳಿದ ಮೇಲೆ ಬಳಿಸಾರಿ, ಬಿಸಿಯಾರದ ಮೂತಿಯ ಮೇಲೆ ಅಂಗೈಯಾಡಿಸಿ, “ನೋಡಿ, ಮೊದಲ ದಿನವೇ ತರಚಿಕೊಂಡು ಬಂದಿದೆ!” ಎಂದು ಆಡಿಬಂದ ಮಗುವಿನ ಮೊಣಕಾಲು ಕಂಡ ತಾಯಿಯಂತೆ ಗೊಣಗಿದರು.

ಮಾವನಂತೆ ತಮ್ಮ ಕೃತಿಯನ್ನು ತಮ್ಮ ಕೈಯಿಂದಲೇ ಕೆರೆದುಹಾಕುವ ಹಣೆಬರಹ ಹೊತ್ತವರು ಲೋಕದಲ್ಲಿ ಎಷ್ಟೋ ಮಂದಿ. ತಮ್ಮ ಹೆಸರು ಉಳಿಯಲಿಲ್ಲವೆಂದು ಅವರು ಕೊರಗಿದ್ದನ್ನು ನಾನು ಕಾಣೆ. ಹಾರಲು ಹೋದವರು ಹೋದ ಹಾಗೆಯೇ ಮರಳಿ ಬಂದರೆ ಸಾಕು, ಅವರಿಗೆ ಆ ದಿನ ನಿದ್ದೆ ಚೆನ್ನಾಗಿ ಹತ್ತುತ್ತದೆ.