ಕಾವಲಿಗೆ ಸಿಕ್ಕ ಜಾಗ

ಡುಲೂತ್ ಊರಿನ ಸಿಗ್ನೆ ಮಗಳ ಬಾಣಂತನಕ್ಕೆಂದು ವಿಮಾನದಲ್ಲಿ ಹೊರಡುವವಳಿದ್ದಳು. ಪೆಟ್ಟಿಗೆ ಐವತ್ತು ಪೌಂಡು ದಾಟಿದರೆ ನೂರು ಡಾಲರ್ ಹೆಚ್ಚಿಗೆ ಕಟ್ಟಬೇಕು. ತುಂಬಿದ ಪೆಟ್ಟಿಗೆ ಆಗಲೇ ಸರಿಯಾಗಿ ಐವತ್ತು ತೂಗಿತ್ತು. ಅವಳ ಅವ್ವ ಆಲೂಗಡ್ಡೆ ರೊಟ್ಟಿ ಸುಡುತ್ತಿದ್ದ ಎಂಟು ಪೌಂಡಿನ ಕಬ್ಬಿಣದ ಕಾವಲಿ ಹೊರಗೇ ಉಳಿದಿತ್ತು. ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಪೆಟ್ಟಿಗೆ ಅಂಗಡಿಯ ಆರ್ವಿಡ್, ಅವಳು ಖಾಲಿ ಮಾಡಿ ತಂದ ಆ ಹಳೆಯ ಪೆಟ್ಟಿಗೆಯನ್ನು ತಾನು ಹಿಡಿದ ಮೀನು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದ.

"ಹದಿನಾಲ್ಕು! ಸಿಗ್ನಕ್ಕಾ, ಇಷ್ಟು ದೊಡ್ಡ ಮೀನು ಈ ವರ್ಷ ನನಗೂ ಸಿಕ್ಕಿಲ್ಲ."

"ನಗಬೇಡ ಮಾರಾಯ. ಆ ಹೊಳೆಯೋ ಹೊಸ ಪೆಟ್ಟಿಗೆ ಕೊಡು, ಹಗುರ ಅಂತ ಬರ್ದಿದೆ."

"ಬರೆಯೋಕೇನು, ತೂಗಿ ನೋಡೋಣ ತಡಿ."

ಅದು ಹನ್ನೊಂದು ತೂಗಿತು. ಮೂಲೆಯಲ್ಲಿದ್ದ, ಅದರ ಅರ್ಧ ಬೆಲೆಯ ಬಟ್ಟೆಯ ಪೆಟ್ಟಿಗೆ ಬರೀ ಆರು.

ಸಿಗ್ನೆ ಬೆರಳೆಣಿಸಿದಳು. ಹದಿನಾಲ್ಕರಲ್ಲಿ ಆರು ಕಳೆದರೆ ಉಳಿದದ್ದು ಎಂಟು; ಕಾವಲಿಗೆ ಸರಿಹೋಯಿತು.

"ದುಬಾರಿಯದ್ದನ್ನೇ ನನ್ನ ತಲೆಗೆ ಕಟ್ಟಬಹುದಿತ್ತಲ್ಲೋ."

"ನಿಮ್ಮವ್ವನ ರೊಟ್ಟಿ ತಿಂದು ಬೆಳೆದೋನು ಕಣಕ್ಕಾ ನಾನು."

ಮರುದಿನ ಸಿಗ್ನೆ ಕಾವಲಿಯನ್ನು ಪೆಟ್ಟಿಗೆಯೊಳಗಿಡುವ ಮೊದಲು ಒಮ್ಮೆ ಒಲೆಯ ಮೇಲಿಟ್ಟಳು. ಬೆಣ್ಣೆ ಸಕ್ಕರೆ ಸವರಿದ ನಾಲ್ಕು ರೊಟ್ಟಿಗಳನ್ನು ಬಿಸಿ ಆರುವ ಮುಂಚೆ ಆರ್ವಿಡನ ಕೈಗಿಟ್ಟು ಬಂದಳು.