ಇಪ್ಪತ್ತನಾಲ್ಕನೇ ಕಿಲೋಮೀಟರಿನ ಉಸಿರು

ಹನ್ನೊಂದು ವರ್ಷದಿಂದ ನಾನು ಪೇಸರ್. ದೊಡ್ಡ ನಗರಗಳ ಮ್ಯಾರಥಾನ್‌ಗಳಲ್ಲಿ ಗೆಲ್ಲುವವರ ಮುಂದೆ ಗಾಳಿಗೆ ಎದೆಯೊಡ್ಡಿ ಓಡಬೇಕು, ಗೊತ್ತುಮಾಡಿದ ವೇಗ ಒಂದು ಸೆಕೆಂಡೂ ಆಚೀಚೆ ಆಗಬಾರದು, ಮೂವತ್ತನೇ ಕಿಲೋಮೀಟರಿಗೆ ತೆಪ್ಪಗೆ ಪಕ್ಕಕ್ಕೆ ಸರಿಯಬೇಕು. ಉಳಿದ ಹನ್ನೆರಡು ಅವರ ಪಾಡು. ಕೊನೆಯ ಗೆರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಟೀವಿ ನೋಡಿ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ. ಮೊಣಕಾಲು ಕೈಕೊಟ್ಟೇ ಎರಡು ವರ್ಷವಾಯಿತು.

ಈ ಸಲ ಒಪ್ಪಿಕೊಂಡದ್ದು ತಂಗಿಗಾಗಿ. ಎರಡು ಗಂಟೆ ಇಪ್ಪತ್ತೈದು ನಿಮಿಷದೊಳಗೆ ಮುಗಿಸಿದರೆ ದೇಶದ ತಂಡದಲ್ಲಿ ಜಾಗ. ಅವಳಿಗೆ ಮೂವತ್ತೈದು ತುಂಬಿದೆ. ಮುಂದಿನ ಆಯ್ಕೆಯ ಹೊತ್ತಿಗೆ ಅವಳನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಅವಳ ಅಂಗಿಯ ಎದೆಗೆ ಓಟದ ನಂಬರಿನ ಚೀಟಿಯನ್ನು ಪಿನ್ನಿನಿಂದ ಚುಚ್ಚುತ್ತಿದ್ದೆ.

"ನಿನ್ನ ಮುಖ ನೋಡಿದ್ರೆ ನೀನೇ ಪೂರ್ತಿ ಓಡೋಳ ಹಾಗಿದೀಯ ಅಕ್ಕ."

"ಬಾಯ್ಮುಚ್ಕೊಂಡು ಲೇಸ್ ಕಟ್ಕೋ."

ಓಟದ ಇಪ್ಪತ್ತಮೂರನೇ ಕಿಲೋಮೀಟರಿನವರೆಗೆ ಎಲ್ಲ ಗಡಿಯಾರದಂತೆ ನಡೆಯಿತು. ಹಿಂದೆ ಮೂವರು ಹೆಂಗಸರು, ಅವರಲ್ಲಿ ಇವಳೊಬ್ಬಳು. ಇಪ್ಪತ್ತನಾಲ್ಕರ ಸೇತುವೆ ಹತ್ತುವಾಗ ಅವಳ ಉಸಿರಿನಲ್ಲಿ ಸಣ್ಣ ಸಿಳ್ಳು ಕೇಳಿತು. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು. ಅವಳಿಗೆ ಜ್ವರ ಬಂದದ್ದು ಅಮ್ಮನಿಗಿಂತ ಮೊದಲು ಆ ಸಿಳ್ಳಿನಿಂದ ನನಗೆ ತಿಳಿಯುತ್ತಿತ್ತು. ಪೇಸರ್ ಆದವಳು ಹಿಂದಿನವರ ಉಸಿರಿಗೆ ಕಿವಿಗೊಡಬಾರದು. ನಾನು ಕೊಟ್ಟೆ. ಕೊನೆಗೆ ಬೇಕಾಗುತ್ತದೆ, ಈಗ ಸ್ವಲ್ಪ ಕಸುವು ಉಳಿಸಿಕೊಳ್ಳಲಿ ಎಂದು ಕಿಲೋಮೀಟರಿಗೆ ನಾಲ್ಕು ಸೆಕೆಂಡು ನಿಧಾನ ಮಾಡಿದೆ. ಉಳಿದಿಬ್ಬರು ಗೊಣಗುತ್ತ ನನ್ನನ್ನು ದಾಟಿ ಹೋದರು. ತಂಗಿ ಹೋಗಲಿಲ್ಲ. ಹೋಗಲಾರಳು ಎಂದುಕೊಂಡೆ.

ಮೂವತ್ತಕ್ಕೆ ಪಕ್ಕಕ್ಕೆ ಸರಿದೆ. ಸುಸ್ತಾದವರನ್ನು ತುಂಬಿಕೊಳ್ಳುವ ಬಸ್ಸು ನನ್ನನ್ನು ಹೋಟೆಲಿಗೆ ತಂದು ಬಿಟ್ಟಿತು. ಟೀವಿಯಲ್ಲಿ ಫಲಿತಾಂಶ ಬಂತು: ಹದಿನಾಲ್ಕು ಸೆಕೆಂಡು ತಡ. ಆ ಆರು ಕಿಲೋಮೀಟರಿನಲ್ಲಿ ನಾನು ಕಳೆದ ಇಪ್ಪತ್ತನಾಲ್ಕು ಸೆಕೆಂಡಿನಲ್ಲಿ ಹತ್ತನ್ನು ಅವಳು ಕೊನೆಯ ಹನ್ನೆರಡು ಕಿಲೋಮೀಟರಿನಲ್ಲಿ ವಾಪಸ್ ತಂದಿದ್ದಳು. ಉಸಿರಿಲ್ಲದವಳು ಹಾಗೆ ಓಡುವುದಿಲ್ಲ.

ಅವಳು ಬಂದು ಬಚ್ಚಲಿನ ತೊಟ್ಟಿಯ ಅಂಚಿನಲ್ಲಿ ಕೂತು ತಣ್ಣೀರಿಗೆ ಕಾಲು ಬಿಟ್ಟಳು. ಕಣ್ಣು ಕೆಂಪಾಗಿದ್ದವು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತೆ.

"ಸೇತುವೆ ಹತ್ರ ಉಸಿರು ಸಿಗ್ತಿರ್ಲಿಲ್ಲ ಅಲ್ವಾ ನಿಂಗೆ?"

"ಮೂಗು ಕಟ್ಟಿತ್ತು ಅಷ್ಟೆ. ಕಾಲು ಚೆನ್ನಾಗೇ ಇತ್ತು."

"ಮತ್ತೆ ಅವ್ರಿಬ್ರ ಜೊತೆ ಯಾಕೆ ಹೋಗ್ಲಿಲ್ಲ?"

"ಅವ್ರೇ ಆತುರ ಬಿದ್ದು ಓಡ್ತಿದಾರೆ ಅಂದ್ಕೊಂಡೆ. ನೀನು ಮುಂದಿರುವಾಗ ನಾನು ವಾಚೂ ನೋಡಲ್ಲ. ನಿನ್ನ ವೇಗ ಯಾವತ್ತಾದ್ರೂ ತಪ್ಪಿದ್ದುಂಟಾ ಅಕ್ಕ?"

ಚುಚ್ಚಿ ಕೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನಾನೇ ನಿಧಾನ ಮಾಡಿದ್ದು ಅವಳಿಗೆ ಇನ್ನೂ ಗೊತ್ತೇ ಇರಲಿಲ್ಲ. ಟವೆಲ್ ಅವಳ ಹೆಗಲಿಗೆ ಹಾಕಿ, ಪಕ್ಕದಲ್ಲಿ ಕೂತು, ಹೇಳತೊಡಗಿದೆ.